ಎದೆ ಹಿಗ್ಗುವುದು ಮೊದಲು, ಗಾಳಿ ಬರುವುದು ಆಮೇಲೆ

ಫಸ್ಟ್ ಪಿಯುಸಿ ಜೀವಶಾಸ್ತ್ರದ ಉಸಿರಾಟದ ಪಾಠ ನನಗೆ ಕೊನೆಗೂ ನಿನ್ನೆ ರಾತ್ರಿ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮೂಗು, ಗಂಟಲು, ಶ್ವಾಸನಾಳ, ಅದರ ಎರಡು ಕವಲು, ಮತ್ತೆ ಸಣ್ಣ ಕವಲುಗಳು, ತುದಿಯಲ್ಲಿ ಆಮ್ಲಜನಕ ರಕ್ತಕ್ಕೆ ಸೇರುವ ಗಾಳಿಗೂಡು. ಈ ದಾರಿ ಹತ್ತನೇ ಕ್ಲಾಸಿನಲ್ಲೇ ಆಗಿದೆ. ಬಲ ಶ್ವಾಸಕೋಶಕ್ಕೆ 3 ಹಾಲೆ, ಎಡಕ್ಕೆ 2. ಅದನ್ನು ಬಿಟ್ಟು ಮುಂದೆ ಹೋಗೋಣ.

ನಾನು ಸಿಕ್ಕಿಹಾಕಿಕೊಂಡದ್ದು ಒಂದೇ ಪ್ರಶ್ನೆಯಲ್ಲಿ. ಗಾಳಿಯನ್ನು ಒಳಕ್ಕೆ ತಳ್ಳುವವರು ಯಾರು? ಬಲೂನಿಗೆ ಊದಿದರೆ ಗಾಳಿ ತುಂಬಿ ಹಿಗ್ಗುತ್ತದೆ ಅಲ್ವಾ, ಶ್ವಾಸಕೋಶವೂ ಹಾಗೆಯೇ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಆದರೆ ನಮಗೆ ಯಾರೂ ಊದುತ್ತಿಲ್ಲ! ಮಂಡ್ಯದ ಹತ್ತಿರ ನಮ್ಮೂರಿನಲ್ಲಿ ಮೊದಲು ಕುಲುಮೆ ಇತ್ತಂತೆ, ಕುಡುಗೋಲು, ಮಚ್ಚು ಎಲ್ಲ ಅಲ್ಲೇ ಹಣಿಸುತ್ತಿದ್ದರಂತೆ, ಬೆಂಕಿಗೆ ಗಾಳಿ ಊದಲು ತಿದಿ ಎಂಬ ಚರ್ಮದ ಚೀಲ ಇರುತ್ತಿತ್ತಂತೆ. ತಾತನಿಗೆ ಈ ಪ್ರಶ್ನೆ ಹೇಳಿದೆ. "ತಿದಿ ಎತ್ತಿದ್ರೆ ತಾನೇ ಕಣ್ಲಾ ಗಾಳಿ ಒಳಿಕ್ಕೆ ಬರದು?" ಅಂದರು. ಪಾಠ ಇರುವುದು ಅಷ್ಟೇ. ಗಾಳಿ ತುಂಬಿದ್ದಕ್ಕೆ ತಿದಿ ಹಿಗ್ಗುವುದಿಲ್ಲ. ತಿದಿಯನ್ನು ಹಿಗ್ಗಿಸಿದ್ದಕ್ಕೆ ಗಾಳಿ ತುಂಬುತ್ತದೆ.

ನಂಬಿಕೆ ಬರದಿದ್ದರೆ ಸೂಜಿ ಇಲ್ಲದ ಹೊಸ ಸಿರಿಂಜ್ ತೆಗೆದುಕೊಳ್ಳಿ. ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಂದಿನ ಹಿಡಿಯನ್ನು ಎಳೆಯಿರಿ. ಬೆರಳನ್ನು ಒಳಕ್ಕೆ ಎಳೆದ ಹಾಗೆ ಆಗುತ್ತದೆ. ಒಳಗೆ ಜಾಗ ಜಾಸ್ತಿಯಾಯಿತು, ಗಾಳಿ ಅಷ್ಟೇ ಇದೆ, ಹಾಗಾಗಿ ಒತ್ತಡ ಇಳಿಯಿತು. ಇದು 1662ರಲ್ಲಿ ಬಾಯ್ಲ್ ಹೇಳಿದ ನಿಯಮ. ಈಗ ಬೆರಳು ತೆಗೆಯಿರಿ. ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ಆ ಬೆರಳು ತೆಗೆದ ತುದಿಯೇ ನಮ್ಮ ಮೂಗು.

ಹಾಗಾದರೆ ಹಿಡಿ ಎಳೆಯುವವರು ಯಾರು? ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ, ಅಂದರೆ ವಪೆ (ಡಯಾಫ್ರಮ್), ಮತ್ತೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ಇಲ್ಲಿ ಮತ್ತೆ ಎಡವಿದೆ. ಪುಸ್ತಕದಲ್ಲಿ "ವಪೆ ಸಂಕುಚಿಸಿದಾಗ ಉಸಿರು ಒಳಗೆ ಬರುತ್ತದೆ" ಎಂದಿದೆ. ಸಂಕುಚಿಸಿದರೆ ಚಿಕ್ಕದಾಗಬೇಕಲ್ಲ, ಎದೆಗೂಡು ದೊಡ್ಡದಾಗುವುದು ಹೇಗೆ ಎಂದು ಎರಡು ದಿನ ತಲೆ ಕೆಟ್ಟಿತ್ತು. ವಪೆಯ ಆಕಾರ ನೋಡಿದರೆ ಬಿಡಿಸಿಕೊಳ್ಳುತ್ತದೆ. ಸುಮ್ಮನಿದ್ದಾಗ ಅದು ಕವುಚಿ ಹಾಕಿದ ಬೋಗುಣಿಯ ಹಾಗೆ ಎದೆಯೊಳಕ್ಕೆ ಉಬ್ಬಿಕೊಂಡಿರುತ್ತದೆ. ಅಂಚು ಸುತ್ತಲೂ ಅಂಟಿಕೊಂಡಿದೆ. ಬಿಗಿದಾಗ ಉಬ್ಬು ಕೆಳಗಿಳಿದು ಸಪಾಟಾಗುತ್ತದೆ. ಉಬ್ಬು ಇಳಿದಷ್ಟೂ ಮೇಲಿನ ಕೋಣೆಗೆ ಜಾಗ ಸಿಕ್ಕಿತು. ಚಿಕ್ಕದಾಗಿದ್ದು ಸ್ನಾಯು, ದೊಡ್ಡದಾಗಿದ್ದು ಕೋಣೆ. ನಾನು ನೋಟ್ಸಿನಲ್ಲಿ "ಸಂಕುಚಿಸು" ಇದ್ದ ಕಡೆಯೆಲ್ಲ ಅಳಿಸಿ "ಬಿಗಿ" ಎಂದು ಬರೆದುಕೊಂಡೆ. ಬಿಗಿದರೆ ಉಸಿರು ಒಳಗೆ, ಸಡಿಲಿದರೆ ಹೊರಗೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಅದೇ ಹೊತ್ತಿಗೆ ಪಕ್ಕೆಲುಬುಗಳೂ ಮೇಲಕ್ಕೆ, ಹೊರಕ್ಕೆ ಏಳುತ್ತವೆ.

ಎದೆಗೂಡು ಹಿಗ್ಗಿದರೆ ಶ್ವಾಸಕೋಶ ಯಾಕೆ ಹಿಗ್ಗಬೇಕು? ನಡುವೆ ಪ್ಲೂರಾ ಎಂಬ ಎರಡು ಪದರದ ಪೊರೆ ಇದೆ, ಪದರಗಳ ನಡುವೆ ತೆಳ್ಳಗೆ ದ್ರವ. ಒದ್ದೆಯಾದ ಎರಡು ಗಾಜಿನ ತುಂಡು ಒಂದರ ಮೇಲೊಂದು ಜಾರುತ್ತವೆ, ಆದರೆ ಕಿತ್ತರೆ ಬರುವುದಿಲ್ಲ, ಹಾಗೆ. ಅಲ್ಲಿಗೆ ಗಾಳಿ ಹೊಕ್ಕರೆ ಹಿಡಿತ ತಪ್ಪಿ ಶ್ವಾಸಕೋಶ ಕುಸಿಯುತ್ತದೆ.

ಸುಮ್ಮನೆ ಕೂತಾಗ ಉಸಿರು ಬಿಡಲು ಶ್ರಮವೇ ಬೇಡ. ಸ್ನಾಯು ಸಡಿಲಿದರೆ ಎಳೆದ ರಬ್ಬರಿನ ಹಾಗೆ ಶ್ವಾಸಕೋಶ ತಾನೇ ಕುಗ್ಗುತ್ತದೆ. ಜೋರಾಗಿ ಊದುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಸೇರುತ್ತವೆ. ಪುಸ್ತಕದಲ್ಲಿ ಹೊರಗಿನ ಒತ್ತಡ 760 ಮಿಲಿಮೀಟರ್ ಪಾದರಸ. ಉಸಿರು ಎಳೆದಾಗ ಒಳಗೆ 759ರ ಹತ್ತಿರ, ಬಿಟ್ಟಾಗ 761ರ ಹತ್ತಿರ. ಇಷ್ಟು ಚಿಕ್ಕ ವ್ಯತ್ಯಾಸ ಸಾಕು! ಆ 760 ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಒತ್ತಡವೇ 700ಕ್ಕಿಂತ ಸ್ವಲ್ಪ ಕಡಿಮೆ. ಆದರೂ ಉಸಿರಾಡುತ್ತೇವೆ, ಯಾಕೆಂದರೆ ಬೇಕಾಗಿರುವುದು ಒಳಗೂ ಹೊರಗೂ ಇರುವ ವ್ಯತ್ಯಾಸ.

ಈಗ ನನಗೆ ತುಂಬ ಇಷ್ಟವಾದ ಭಾಗ. ಒಂದು ಸಾಮಾನ್ಯ ಉಸಿರಿಗೆ 500 ಮಿಲಿ ಗಾಳಿ, ನಿಮಿಷಕ್ಕೆ 12 ಉಸಿರು ಎಂದರೆ 6,000 ಮಿಲಿ. ಆದರೆ ಅದರಲ್ಲಿ ಒಂದು ಪಾಲು ರಕ್ತಕ್ಕೆ ಉಪಯೋಗವಾಗುವುದಿಲ್ಲ. ಶ್ವಾಸಕೋಶಕ್ಕೆ ಒಳಗೆ ಬರುವ ದಾರಿಯೂ ಹೊರಗೆ ಹೋಗುವ ದಾರಿಯೂ ಒಂದೇ, ಹಾಗಾಗಿ ಸುಮಾರು 150 ಮಿಲಿ ಕೊಳವೆಯಲ್ಲೇ ಉಳಿದುಬಿಡುತ್ತದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲು ಪೈಪಿನಲ್ಲಿ ನಿಂತಿದ್ದ ಬಿಸಿನೀರು ಬರುತ್ತದಲ್ಲ, ಹಾಗೆ ಪ್ರತಿ ಸಲ ಉಸಿರು ಎಳೆದಾಗ ಗಾಳಿಗೂಡಿಗೆ ಮೊದಲು ಹೋಗುವುದು ಈ ಹಳೆಯ ಗಾಳಿ. ಹೊಸದು 350 ಮಿಲಿ ಮಾತ್ರ. 350 ಗುಣಿಸು 12, ಅಂದರೆ 4,200.

ಈಗ ಅರ್ಧ ಉಸಿರು ಎಳೆದು ಎರಡರಷ್ಟು ವೇಗದಲ್ಲಿ ಉಸಿರಾಡಿ ನೋಡಿ. 250 ಗುಣಿಸು 24, ಒಟ್ಟು ಮತ್ತೆ ಅದೇ 6,000. ಆದರೆ ಪ್ರತಿ ಸಲವೂ 150 ಕಳೆಯಬೇಕು. ಉಳಿಯುವುದು 100. ಗುಣಿಸು 24, ಬರೀ 2,400! ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ನಾಯಿಯ ಹಾಗೆ ಏದುಸಿರು ಬಿಡುತ್ತೇನೆ, ಅಕ್ಕ "ನಿಧಾನಕ್ಕೆ, ಉದ್ದ ಎಳಿ ಕಣೋ" ಅನ್ನುತ್ತಾಳೆ. ಅವಳು ಹೇಳುತ್ತಿದ್ದುದು ಈ ಕಳೆಯುವ ಲೆಕ್ಕವನ್ನೇ. ಪರೀಕ್ಷೆಯಲ್ಲಿ ನಿಮಿಷದ ಲೆಕ್ಕ ಕೇಳಿದರೆ ಗುಣಿಸುವ ಮೊದಲು 150 ಕಳೆಯಬೇಕೋ ಬೇಡವೋ ನೋಡಿಕೊಳ್ಳಿ. "ಗಾಳಿಗೂಡಿಗೆ" ಎಂಬ ಮಾತು ಇದ್ದರೆ ಕಳೆಯಿರಿ.

ಉಳಿದ ಅಳತೆಗಳು ಬಾಯಿಪಾಠವೇ. 500ರ ಮೇಲೆ ಇನ್ನೂ ಎಳೆಯಬಹುದಾದದ್ದು 2,500ರಿಂದ 3,000 ಮಿಲಿ. ಬಿಟ್ಟ ಮೇಲೂ ಇನ್ನೂ ಬಿಡಬಹುದಾದದ್ದು 1,000ದಿಂದ 1,100. ಎಷ್ಟೇ ಊದಿದರೂ ಒಳಗೆ ಉಳಿಯುವುದು 1,100ರಿಂದ 1,200. ಈ ಕೊನೆಯದು ಹೊರಗೇ ಬರದ ಕಾರಣ ಉಸಿರಿನ ಗಾಳಿ ಅಳೆಯುವ ಸಾಧನವಾದ ಸ್ಪೈರೋಮೀಟರ್ ಅದನ್ನು ಅಳೆಯಲಾರದು. ಮಾಡೆಲ್ ಪೇಪರಿನಲ್ಲಿ ಸ್ಪೈರೋಮೀಟರ್ ಅಳೆಯಲಾರದ್ದು ಯಾವುದು ಎಂಬ ಪ್ರಶ್ನೆಯನ್ನು ನಾನು ತಪ್ಪು ಮಾಡಿದ್ದೆ.