ನಡುವಿನ 68 ಕ್ಲಬ್‌ಗಳು ಎಲ್ಲಿ ಹೋದವು?

ಕೆಲವು ದೂರುಗಳು ಮುಗಿಯುವುದೇ ಇಲ್ಲ. ಅವುಗಳಲ್ಲಿ ಒಂದು: ‘ನಾಲ್ಕನೇ ದರ್ಜೆಯ ತಂಡವೊಂದು ಪ್ರೀಮಿಯರ್ ಲೀಗ್‌ನ ಗೋಲ್‌ಕೀಪರ್‌ನನ್ನು ಸೇರಿಸಿಕೊಂಡಿದೆ. ನಿಜ ಜೀವನದಲ್ಲಿ ಇದು ಸಾಧ್ಯವೇ ಇಲ್ಲ. ಸರಿಪಡಿಸಿ.’ (ಪ್ರೀಮಿಯರ್ ಲೀಗ್ ಎಂದರೆ ಇಂಗ್ಲೆಂಡಿನ ಮೊದಲ ದರ್ಜೆ.) ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್ ಆಗಿ ಆಡುವ ಕಂಪ್ಯೂಟರ್ ಆಟಗಳಿಗೆ ವರ್ಗಾವಣೆಯ ಲೆಕ್ಕಾಚಾರ ಬರೆಯುವುದು ನನ್ನ ವೃತ್ತಿ. ಯಾವ ಆಟಗಾರ ಯಾವ ಕ್ಲಬ್ಬಿಗೆ ಒಪ್ಪುತ್ತಾನೆ, ಎಷ್ಟು ಸಂಬಳ ಕೇಳುತ್ತಾನೆ, ಯಾವಾಗ ಬೇಡವೆನ್ನುತ್ತಾನೆ ಎಂಬುದನ್ನೆಲ್ಲ ಸೂತ್ರಗಳಿಗೆ ಇಳಿಸಬೇಕು. ಹಾಗಾಗಿ ಆಟವನ್ನು ಆಡಿ ತಪ್ಪು ಹುಡುಕುವ ಪರೀಕ್ಷಕರ ಈ ದೂರು ಕೊನೆಗೆ ನನ್ನ ಮೇಜಿಗೇ ಬಂದು ಬೀಳುತ್ತದೆ.

ದೂರು ಕೊಡುವವರಿಗೆ ಸಿಟ್ಟು ಬರುವುದು ಸರಿ. ಆದರೆ ‘ಸಾಧ್ಯವೇ ಇಲ್ಲ’ ಎನ್ನುವಾಗ ಅವರು ಎಡವುತ್ತಾರೆ. ಇಂಗ್ಲೆಂಡಿನ ಒಂದೇ ಒಂದು ಕ್ಲಬ್ಬಿನ ಚರಿತ್ರೆ ತೆಗೆದರೆ ಸಾಕು, ಅದು ಗೊತ್ತಾಗುತ್ತದೆ. 1862ರಲ್ಲಿ ಹುಟ್ಟಿದ ನಾಟ್ಸ್ ಕೌಂಟಿ ಜಗತ್ತಿನ ಅತ್ಯಂತ ಹಳೆಯ ವೃತ್ತಿಪರ ಫುಟ್‌ಬಾಲ್ ಕ್ಲಬ್ ಎನಿಸಿಕೊಂಡಿದೆ. ಇಟಲಿಯ ಯುವೆಂಟಸ್ ತಂಡ ತೊಡುವ ಕಪ್ಪು ಬಿಳುಪು ಪಟ್ಟಿಯ ಅಂಗಿ ಮೂಲದಲ್ಲಿ ಇವರದು. ಅಂಗಿಗಿರುವ ಕೀರ್ತಿ ಕ್ಲಬ್ಬಿಗೆ ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

1947ರ ನವೆಂಬರ್‌ನಲ್ಲಿ ಈ ಕ್ಲಬ್ ಮೂರನೇ ದರ್ಜೆಯಲ್ಲಿ ಆಡುತ್ತಿತ್ತು. ಆಗ ಅದು ಮೊದಲ ದರ್ಜೆಯ ಚೆಲ್ಸಿಯಿಂದ ಟಾಮಿ ಲಾಟನ್‌ನನ್ನು 20,000 ಪೌಂಡ್ ಕೊಟ್ಟು ತಂದಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ಆಟಗಾರನಿಗಾಗಿಯೂ ಒಂದು ಕ್ಲಬ್ ಇನ್ನೊಂದು ಕ್ಲಬ್ಬಿಗೆ ಅಷ್ಟು ಹಣ ಕೊಟ್ಟಿರಲಿಲ್ಲ. ಲಾಟನ್‌ಗೆ ಆಗ 28 ವರ್ಷ. ಇಂಗ್ಲೆಂಡ್ ತಂಡದ ಸೆಂಟರ್ ಫಾರ್ವರ್ಡ್ ಅವನೇ. ಮೂರನೇ ದರ್ಜೆಗೆ ಇಳಿದ ಮೇಲೂ ಅವನು ಇಂಗ್ಲೆಂಡ್ ಪರವಾಗಿ ಆಡಿದ. ಇಂಥದ್ದೊಂದು ವರ್ಗಾವಣೆ ನಮ್ಮ ಆಟದಲ್ಲಿ ನಡೆದರೆ ದೂರುಗಳ ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ತುಂಬಿಹೋಗುತ್ತದೆ.

ಅವನು ಇಳಿದದ್ದು ಏಕೆ? ಆ ಕಾಲದ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. 1947ರಲ್ಲಿ ವಾರಕ್ಕೆ ಹೆಚ್ಚೆಂದರೆ 12 ಪೌಂಡ್. ಚೆಲ್ಸಿ ಕೊಡಬಹುದಾದ ಗರಿಷ್ಠವೂ ಅಷ್ಟೇ, ನಾಟ್ಸ್ ಕೌಂಟಿ ಕೊಡಬಹುದಾದ ಗರಿಷ್ಠವೂ ಅಷ್ಟೇ. ಕೆಳಕ್ಕೆ ಇಳಿದವನ ಜೇಬಿಗೆ ಕತ್ತರಿ ಬೀಳುತ್ತಿರಲಿಲ್ಲ. ಲಾಟನ್‌ಗೆ ಚೆಲ್ಸಿಯ ಆಡಳಿತದೊಂದಿಗೆ ಹೊಂದಾಣಿಕೆ ತಪ್ಪಿತ್ತು. ಚೆಲ್ಸಿಯಲ್ಲಿ ಆಟಗಾರರಿಗೆ ಅಂಗಮರ್ದನ ಮಾಡುತ್ತಿದ್ದ ಅವನ ಗೆಳೆಯ ಆರ್ಥರ್ ಸ್ಟಾಲರಿ ನಾಟ್ಸ್ ಕೌಂಟಿಯ ಮ್ಯಾನೇಜರ್ ಆಗಿದ್ದ. ಸಂಬಳದ ತಕ್ಕಡಿ ಸಮವಾಗಿದ್ದಾಗ ಸ್ನೇಹದ ತೂಕವೇ ಹೆಚ್ಚಾಯಿತು. 1961ರಲ್ಲಿ ಸಂಬಳದ ಮಿತಿ ಹೋಯಿತು. ಆ ಬಳಿಕ ಒಂದೊಂದು ದರ್ಜೆಯ ನಡುವೆಯೂ ಹಣದ ಕಂದಕ ಬಿತ್ತು.

ಹೆಚ್ಚಿನ ಮ್ಯಾನೇಜರ್ ಆಟಗಳು ಈ ಕಂದಕವನ್ನು ಒಂದು ಕೂಡಿಕೆ ಲೆಕ್ಕದಿಂದ ತೋರಿಸುತ್ತವೆ. ಆಟಗಾರನ ಹೆಸರಿಗೂ ಕ್ಲಬ್ಬಿನ ಹೆಸರಿಗೂ ಇರುವ ಅಂತರಕ್ಕೆ ಇಷ್ಟು ಅಂಕ, ಸಂಬಳಕ್ಕೆ ಇಷ್ಟು, ತಂಡದಲ್ಲಿ ಸ್ಥಾನ ಸಿಗುವ ಭರವಸೆಗೆ ಇಷ್ಟು, ಊರಿಗೆ ಇಷ್ಟು. ಮೊತ್ತ ಒಂದು ಗೆರೆ ದಾಟಿದರೆ ಆಟಗಾರ ಸಹಿ ಹಾಕುತ್ತಾನೆ. ನಾನು ಮೊದಲು ಬರೆದ ಸೂತ್ರವೂ ಇದೇ. ಇದರ ದೋಷ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. ಕೂಡಿಕೆಯಲ್ಲಿ ಒಂದು ಅಂಶ ಉಬ್ಬಿದರೆ ಉಳಿದ ಎಲ್ಲ ಕೊರತೆಗಳೂ ಮುಚ್ಚಿಹೋಗುತ್ತವೆ. ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದೆ ಎಂಬ ಗಾದೆಯನ್ನು ನಾನು ಅಕ್ಷರಶಃ ಸೂತ್ರವಾಗಿಸಿದ್ದೆ. ಈಗ ಮೊದಲು ಒಂದಷ್ಟು ಬಾಗಿಲುಗಳನ್ನು ದಾಟಿಸಿ, ಆಮೇಲೆ ಅಂಕ ಕೂಡುತ್ತೇವೆ. ರಾಷ್ಟ್ರೀಯ ತಂಡದಲ್ಲಿ ಸ್ಥಾನ ಉಳಿಸಿಕೊಳ್ಳಲು ಹೆಣಗುತ್ತಿರುವ 24ರ ಹುಡುಗನಿಗೆ ನಾಲ್ಕನೇ ದರ್ಜೆಯ ಬಾಗಿಲು ತೆರೆಯುವುದೇ ಇಲ್ಲ, ಎಷ್ಟೇ ಹಣ ಸುರಿದರೂ.

ಆದರೂ ದೂರು ನಿಲ್ಲಲಿಲ್ಲ. ತಪ್ಪು ಇನ್ನೊಂದು ಕಡೆ ಇತ್ತು.

ನಾನು ಅಡಿಕೆ ಬೆಳೆಯುವ ಸೀಮೆಯವನು. ಒಳ್ಳೆಯ ಅಡಿಕೆಯ ರಾಶಿಯೊಂದು ಅರ್ಧ ಬೆಲೆಗೆ ಹೋಯಿತು ಎಂದರೆ ಮಂಡಿಯಲ್ಲಿ ಯಾರೂ ಕೊಂಡವನ ಜೇಬನ್ನು ತಪಾಸಣೆ ಮಾಡುವುದಿಲ್ಲ. ಉಳಿದ ಖರೀದಿದಾರರು ಅಂದು ಎಲ್ಲಿದ್ದರು ಎಂದು ಕೇಳುತ್ತಾರೆ. ಫುಟ್‌ಬಾಲಿನಲ್ಲೂ ಕೇಳಬೇಕಾದ್ದು ಅದನ್ನೇ. ಇಂಗ್ಲೆಂಡಿನ ನಾಲ್ಕನೇ ದರ್ಜೆಯಾದ ಲೀಗ್ ಟೂ ತಂಡದ ಮೇಲೆ ಪ್ರೀಮಿಯರ್ ಲೀಗ್‌ನ 20, ಚಾಂಪಿಯನ್‌ಶಿಪ್‌ನ 24, ಲೀಗ್ ಒನ್‌ನ 24 ಕ್ಲಬ್‌ಗಳಿವೆ. ಒಟ್ಟು 68. ಸ್ಕಾಟ್ಲೆಂಡ್, ಬೆಲ್ಜಿಯಂ, ಟರ್ಕಿ ಬೇರೆ. ಮೇಲಿನ ಆಟಗಾರನೊಬ್ಬ ಕೆಳಗಿನ ತಂಡದ ಕೈಗೆ ಸಿಗಬೇಕಾದರೆ ಇವರೆಲ್ಲರೂ ಅವನನ್ನು ಬೇಡವೆನ್ನಬೇಕು, ಇಲ್ಲವೇ ಅವನೇ ಇವರೆಲ್ಲರನ್ನೂ ಬೇಡವೆನ್ನಬೇಕು.

ಆಟದಲ್ಲಿ ಈ 68 ಕ್ಲಬ್‌ಗಳನ್ನು ನಡೆಸುವುದು ಕಂಪ್ಯೂಟರ್. ಪ್ರತಿ ಕ್ಲಬ್ಬೂ ಪ್ರತಿ ದಿನವೂ ಸಾವಿರಾರು ಆಟಗಾರರನ್ನು ತೂಗಿ ನೋಡಬೇಕೆಂದರೆ ಆಡುವವನ ಯಂತ್ರ ಏದುಸಿರು ಬಿಡುತ್ತದೆ. ಹಾಗಾಗಿ ನಾವು ಅಡ್ಡದಾರಿ ಹಿಡಿಯುತ್ತೇವೆ: ಕ್ಲಬ್ ತನ್ನ ಕೊರತೆಯನ್ನು ಬೇಸಿಗೆಯ ಆರಂಭದಲ್ಲಿ ಒಮ್ಮೆ ಪಟ್ಟಿ ಮಾಡುತ್ತದೆ, ತುಂಬಿಸಿಕೊಳ್ಳುತ್ತದೆ, ಮತ್ತೆ ಅತ್ತ ತಲೆ ಹಾಕುವುದಿಲ್ಲ. ಒಪ್ಪಂದ ಮುಗಿದ ಒಳ್ಳೆಯ ಆಟಗಾರನೊಬ್ಬ ಆ ಪಟ್ಟಿಗಳ ಸಂದಿನಲ್ಲಿ ಉಳಿದುಬಿಟ್ಟರೆ ಆಗಸ್ಟ್ ತನಕ ಅಲ್ಲೇ ಇರುತ್ತಾನೆ. ಕೆಲಸವಿಲ್ಲದ ಒಂದೊಂದು ವಾರಕ್ಕೂ ಅವನು ಕೇಳುವ ಸಂಬಳ ಇಳಿಯುವಂತೆ ಬರೆದವರೂ ನಾವೇ. ಪರದೆಯ ಮುಂದೆ ಕುಳಿತವನಿಗೆ ತಾಳ್ಮೆಯಿದೆ, ಹುಡುಕುವ ಸೌಕರ್ಯವಿದೆ. ಕೊನೆಯ ವಾರದಲ್ಲಿ ಬಂದು ಅವನನ್ನು ಎತ್ತಿಕೊಂಡು ಹೋಗುತ್ತಾನೆ. ಅಂದರೆ ದೂರು ಬಂದದ್ದು ಕೊಂಡ ತಂಡದ ಮೇಲೆ, ತಪ್ಪು ಇದ್ದದ್ದು ನಿದ್ದೆ ಹೋದ 68 ತಂಡಗಳಲ್ಲಿ.

ಗೋಲ್‌ಕೀಪರ್‌ಗಳ ಕತೆ ಇನ್ನೂ ವಿಚಿತ್ರ. ರಕ್ಷಣಾ ಆಟಗಾರರಿಗೆ ತಂಡದಲ್ಲಿ ನಾಲ್ಕೈದು ಸ್ಥಾನಗಳಿರುತ್ತವೆ. ಗೋಲ್‌ಕೀಪರ್‌ಗೆ ಇರುವುದು ಒಂದೇ. 68 ಕ್ಲಬ್ ಎಂದರೆ 68 ಸ್ಥಾನ, ಅಷ್ಟೇ. ಅವು ತುಂಬಿದ ಮೇಲೆ ಉಳಿದವನು ಬೆಂಚಿನಲ್ಲಿ ಕೂರಬೇಕು, ಇಲ್ಲವೇ ಬಹಳ ಕೆಳಕ್ಕೆ ಜಾರಬೇಕು. ಆದ್ದರಿಂದ ಪ್ರೀಮಿಯರ್ ಲೀಗ್‌ನ ಗೋಲ್‌ಕೀಪರ್ ನಾಲ್ಕನೇ ದರ್ಜೆಗೆ ಬರುವುದು, ಅದೇ ಪ್ರೀಮಿಯರ್ ಲೀಗ್‌ನ ಫಾರ್ವರ್ಡ್ ಬರುವುದಕ್ಕಿಂತ ಹೆಚ್ಚು ನಂಬಲರ್ಹ.

ಇದಕ್ಕೂ ಸಾಕ್ಷಿ ಹೇಳುವುದು ನಾಟ್ಸ್ ಕೌಂಟಿಯೇ. 2009ರಲ್ಲಿ ಲೀಗ್ ಟೂನಲ್ಲಿದ್ದ ಈ ಕ್ಲಬ್ಬನ್ನು ಮುಂಟೊ ಫೈನಾನ್ಸ್ ಎಂಬ ಸಂಸ್ಥೆ ಕೊಂಡಿತು. ಇಂಗ್ಲೆಂಡ್ ತಂಡದ ಮಾಜಿ ಮ್ಯಾನೇಜರ್ ಸ್ವೆನ್ ಯೋರಾನ್ ಎರಿಕ್ಸನ್ ಫುಟ್‌ಬಾಲ್ ನಿರ್ದೇಶಕನಾಗಿ ಬಂದ. ಇಂಗ್ಲೆಂಡ್ ಪರ 73 ಪಂದ್ಯ ಆಡಿದ್ದ ಸೋಲ್ ಕ್ಯಾಂಪ್‌ಬೆಲ್ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. 35 ತುಂಬಿದ ಮರುದಿನ ಮೋರ್ಕ್ಯಾಮ್ ವಿರುದ್ಧ ಕಣಕ್ಕಿಳಿದ. ತಂಡ 2–1ರಿಂದ ಸೋತಿತು. ಅದೇ ಅವನ ಮೊದಲ ಪಂದ್ಯ, ಅದೇ ಕೊನೆಯದು. ಬರುತ್ತದೆ ಎಂದ ಹಣ ಬರಲೇ ಇಲ್ಲ. ಡಿಸೆಂಬರ್‌ನಲ್ಲಿ ಕ್ಲಬ್ ಒಂದು ಪೌಂಡಿಗೆ ಕೈ ಬದಲಾಯಿತು.

ಎಲ್ಲರೂ ನೆನೆಯುವುದು ಕ್ಯಾಂಪ್‌ಬೆಲ್‌ನನ್ನು. ನಾನು ಹೊಸಬರಿಗೆ ತೋರಿಸುವುದು ಅದೇ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಸಿಟಿಯಿಂದ ಅಲ್ಲಿಗೆ ಬಂದ ಗೋಲ್‌ಕೀಪರ್ ಕ್ಯಾಸ್ಪರ್ ಷ್ಮೈಕಲ್‌ನನ್ನು. ವಯಸ್ಸು 22, ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಅನುಭವ, ಸಿಟಿಯಲ್ಲಿ ಮೊದಲ ಸ್ಥಾನ ಸಿಗುವ ಲಕ್ಷಣವಿಲ್ಲ. ನಾಟ್ಸ್ ಕೌಂಟಿ ಆ ಋತುವಿನಲ್ಲಿ ಲೀಗ್ ಗೆದ್ದಿತು. 2016ರಲ್ಲಿ ಇದೇ ಷ್ಮೈಕಲ್ ಲೆಸ್ಟರ್ ಪರವಾಗಿ ಪ್ರೀಮಿಯರ್ ಲೀಗ್ ಗೆದ್ದ. ಪರೀಕ್ಷಕರ ದೂರಿನ ಒಕ್ಕಣೆಯನ್ನೊಮ್ಮೆ ಮತ್ತೆ ಓದಿ.

ಮುಂಟೊ ಪ್ರಸಂಗದಲ್ಲಿ ಆಟಗಳು ಇಂದಿಗೂ ಸರಿಯಾಗಿ ಹಿಡಿಯದ ಒಂದು ಸಂಗತಿಯಿದೆ: ಆಟಗಾರ ನಂಬುವುದು ಮಾಲೀಕನ ಮಾತನ್ನು, ಬ್ಯಾಂಕಿನ ಖಾತೆಯನ್ನಲ್ಲ. ಆಟದಲ್ಲಿ ಸಂಬಳದ ಬಜೆಟ್ ಎಂಬುದು ಪರದೆಯ ಮೇಲೆ ಕಾಣುವ ನಿಜವಾದ ಸಂಖ್ಯೆ. ಸುಳ್ಳು ಹೇಳುವ ಮಾಲೀಕನನ್ನು ಬರೆಯಲು ನಾನು ಎರಡು ಬಾರಿ ಯತ್ನಿಸಿದೆ. ಆಡಿದವರಿಗೆ ಅದು ಕತೆ ಎನಿಸಲಿಲ್ಲ, ಮೋಸ ಎನಿಸಿತು. ತೆಗೆದುಹಾಕಿದೆ. ನೈಜತೆಗೂ ಒಂದು ಮಿತಿಯಿದೆ. ಅದನ್ನು ಹಾಕುವವರು ಹಣ ಕೊಟ್ಟು ಆಡುವವರು.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: 2014ರಲ್ಲಿ ವಿಶ್ವಕಪ್ ವಿಜೇತ ಡೆಲ್ ಪಿಯೆರೊ ದೆಹಲಿಗೆ ಬಂದು ಇಂಡಿಯನ್ ಸೂಪರ್ ಲೀಗ್ ಆಡಲಿಲ್ಲವೇ? ಆಡಿದ. ಬಂದಾಗ ಅವನಿಗೆ 39. ಹೊಸ ಲೀಗ್ ಒಂದು ತನ್ನ ಪ್ರಚಾರಕ್ಕೆಂದು ಹೆಸರಾಂತ ಹಿರಿಯರನ್ನು ಕರೆತಂದ ಲೆಕ್ಕ ಅದು. ಅವನ ಮತ್ತು ದೆಹಲಿಯ ನಡುವೆ ಜಗಳಕ್ಕೆ ನಿಂತ 68 ಕ್ಲಬ್‌ಗಳಿರಲಿಲ್ಲ.

2023ರ ಏಪ್ರಿಲ್ 10ರಂದು ಐದನೇ ದರ್ಜೆಯ ನಿರ್ಣಾಯಕ ಪಂದ್ಯ. ರೆಕ್ಸಮ್ 3–2ರಿಂದ ಮುಂದಿದೆ. 90 ನಿಮಿಷ ಕಳೆದ ಮೇಲೆ ಎದುರಾಳಿಗೆ ಪೆನಾಲ್ಟಿ ಸಿಗುತ್ತದೆ. ಅದನ್ನು ತಡೆದವನು ಇಂಗ್ಲೆಂಡಿನ ಮಾಜಿ ಗೋಲ್‌ಕೀಪರ್ ಬೆನ್ ಫಾಸ್ಟರ್, ವಯಸ್ಸು 40. ನಿವೃತ್ತಿ ಘೋಷಿಸಿ ಮನೆಯಲ್ಲಿದ್ದವನನ್ನು ಮಾರ್ಚ್‌ನಲ್ಲಷ್ಟೇ ಕರೆತಂದಿದ್ದರು. ಹುಡುಗನಾಗಿದ್ದಾಗ ಎರವಲು ಆಟಗಾರನಾಗಿ ಅವನು ರೆಕ್ಸಮ್‌ಗೆ ಆಡಿದ್ದ. ನಿವೃತ್ತನಾಗಿದ್ದವನನ್ನು ಹಳೆಯ ಕ್ಲಬ್ಬು ಕರೆಯಿತು. ಅಂದು ಸೋತ ಎದುರಾಳಿ ಯಾರೆಂದರೆ, ನಾಟ್ಸ್ ಕೌಂಟಿ.

ಈಗ ನಮ್ಮ ಆಟದಲ್ಲಿ ವರ್ಗಾವಣೆಯ ಅವಧಿ ಮುಗಿಯುವ ಹತ್ತು ದಿನ ಮೊದಲು ಎಲ್ಲ ಕ್ಲಬ್‌ಗಳೂ ಒಪ್ಪಂದವಿಲ್ಲದವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ನೋಡುತ್ತವೆ. ಯಂತ್ರ ಸ್ವಲ್ಪ ನಿಧಾನವಾಯಿತು, ದೂರುಗಳು ಗಣನೀಯವಾಗಿ ಇಳಿದವು. ಕಳೆದ ತಿಂಗಳು ಮತ್ತೊಂದು ಬಂತು: ನಾಲ್ಕನೇ ದರ್ಜೆಯ ತಂಡಕ್ಕೆ ಪ್ರೀಮಿಯರ್ ಲೀಗ್‌ನ ಗೋಲ್‌ಕೀಪರ್. ದಾಖಲೆ ತೆಗೆದು ನೋಡಿದೆ. ವಯಸ್ಸು 33, ಎರಡು ವರ್ಷದಿಂದ ಮೂರನೇ ಆಯ್ಕೆ, ಜೂನ್‌ನಲ್ಲಿ ಒಪ್ಪಂದ ಮುಗಿದಿದೆ, 68 ಕ್ಲಬ್‌ಗಳೂ ನೋಡಿ ಬೇಡವೆಂದಿವೆ, ಹುಟ್ಟಿದ್ದು ಕೊಂಡ ತಂಡದ ಊರಿನಲ್ಲೇ. ‘ದೋಷವಲ್ಲ’ ಎಂದು ಬರೆದು ಮುಚ್ಚಿದೆ. ಪರೀಕ್ಷಕ ಬಿಡಲಿಲ್ಲ, ಮರುದಿನವೇ ಇನ್ನೊಂದು ದೂರು ತೆರೆದ: ಅದೇ ಗೋಲ್‌ಕೀಪರ್ ಮೊದಲ ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟಿದ್ದಾನಂತೆ. ಎರಡು ವರ್ಷ ಪಂದ್ಯವೇ ಆಡದವನು. ಅದನ್ನೂ ಹಾಗೆಯೇ ಬರೆದು ಮುಚ್ಚಿದೆ.