ಮೈನಸ್ ಕಂಡರೆ ಎಡಕ್ಕೇ ಏಕೆ ಓಡುತ್ತೀರಿ?

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತಾ ಇಪ್ಪತ್ತು ವರ್ಷ ಕಳೆದವು. ಪ್ರತಿ ಜೂನ್‌ನಲ್ಲಿ ಮುಖಗಳು ಹೊಸವು, ತಪ್ಪು ಮಾತ್ರ ಅದೇ ಹಳೆಯದು. ವೈ = (ಎಕ್ಸ್ − 3)² ನಕ್ಷೆ ಬರೆಯಿರಿ ಎಂದರೆ ಅರ್ಧ ತರಗತಿ ವೈ = ಎಕ್ಸ್²ನ ಪರವಲಯವನ್ನು, ಅಂದರೆ ಬಟ್ಟಲಿನಾಕಾರದ ಆ ಗೆರೆಯನ್ನು, 3 ಮನೆ ಎಡಕ್ಕೆ ತಳ್ಳಿ ಪೆನ್ಸಿಲ್ ಕೆಳಗಿಡುತ್ತದೆ. ಕೇಳಿದರೆ, “ಮೈನಸ್ ಇದೆಯಲ್ಲ ಸರ್!”

ಎಕ್ಸ್ ಜಾಗದಲ್ಲಿ −3 ಹಾಕಿ ನೋಡುವ ತಾಳ್ಮೆ ಯಾರಿಗೂ ಇಲ್ಲ. (−6)², ಅಂದರೆ 36 ಬರುತ್ತದೆ. ಸೊನ್ನೆ ಬರುವುದು 3ರಲ್ಲಿ. ಶೃಂಗ, ಅಂದರೆ ಬಟ್ಟಲಿನ ತಳದ ಬಿಂದು, ಇರುವುದು ಬಲಗಡೆ.

ನಿರ್ದೇಶಾಂಕದ ನಿಯಮವನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ: ಬಲಕ್ಕೆ 3 ಸರಿಸಿದರೆ (ಎಕ್ಸ್, ವೈ) ಹೋಗಿ (ಎಕ್ಸ್ + 3, ವೈ) ಆಗುತ್ತದೆ. ಸರಿ, ಆದರೆ ಅದು ಬಿಂದುವಿನ ಮಾತು. ಹಳೆಯ ನಕ್ಷೆಯ (2, 4) ಈಗ (5, 4)ರಲ್ಲಿ ಕುಳಿತಿದೆ. ಹೊಸ ನಕ್ಷೆಯಲ್ಲಿ 5ರ ಎತ್ತರ ಎಷ್ಟು ಎಂದು ಯಾರಾದರೂ ಕೇಳಿದರೆ ಹಳೆಯ ನಕ್ಷೆಯ 2ನ್ನೇ ವಿಚಾರಿಸಬೇಕು. 5ರಿಂದ 2ಕ್ಕೆ ಹೋಗಲು 3 ಕಳೆಯದೆ ಬೇರೆ ದಾರಿ ಇದೆಯೇ? ಸಮೀಕರಣದೊಳಗಿನ ಮೈನಸ್ ಅಷ್ಟೇ.

ಒಮ್ಮೆ ಭರಮಸಾಗರದ ಹುಡುಗಿಯೊಬ್ಬಳು ಈ ಪಾಠದ ನಡುವೆ ಏದುಸಿರು ಬಿಡುತ್ತಾ ಬಂದಳು. “ಬಸ್ಸೇ ಚಿತ್ರದುರ್ಗ ಬಿಡುವಾಗ ಹತ್ತು ನಿಮಿಷ ತಡ ಸರ್.” ಬೈಯಲು ಬಾಯಿ ತೆರೆದವನು ಬೋರ್ಡಿನ ಕಡೆ ತಿರುಗಿದೆ. ದಿನವೂ 7ಕ್ಕೆ ನಿಮ್ಮೂರು ಮುಟ್ಟುವ ಬಸ್ಸು ಇಂದು 7:10ಕ್ಕೆ ಮುಟ್ಟಿತು. ಇಂದು 7:10ಕ್ಕೆ ಅದು ಎಲ್ಲಿತ್ತೆಂದು ತಿಳಿಯಲು ಎಂದಿನ ವೇಳಾಪಟ್ಟಿಯಲ್ಲಿ ಯಾವ ಗಂಟೆ ನೋಡುತ್ತೀಯ? “ಏಳು ಗಂಟೆ ಸರ್.” ಹತ್ತು ಕಳೆದೆಯಲ್ಲ, ಹಾಗೆಂದು ಬಸ್ಸು ಬೇಗ ಬಂತೇ? ಟಿ ಸಮಯಕ್ಕೆ ಬಸ್ಸು ಎಂದಿನಂತೆ ಇರುವ ಜಾಗ ಎಫ್(ಟಿ) ಆದರೆ, ಇಂದು ಇರುವುದು ಎಫ್(ಟಿ − 10) ಎಂದು ಬರೆದೆ. ತರಗತಿ ನಕ್ಕಿತು, ಅವಳೂ ನಕ್ಕಳು.

ಹಿಂದಿನ ಬೆಂಚಿನಿಂದ ಮಂಡಕ್ಕಿ ಭಟ್ಟಿಯವರ ಮಗ ಕೈಯೆತ್ತಿದ. “ಹಾಗಾದರೆ ವೈ = ಎಕ್ಸ್² + 2 ಮೇಲಕ್ಕೇ ಹೋಗುತ್ತದಲ್ಲ, ಅಲ್ಲೇಕೆ ಉಲ್ಟಾ ಆಗುವುದಿಲ್ಲ?” ಇಂಥ ಪ್ರಶ್ನೆಗಾಗಿಯೇ ಈ ಕೆಲಸ ಬಿಡಲು ಮನಸ್ಸಾಗುವುದಿಲ್ಲ. ಆ 2ನ್ನು ಈಚೆಗೆ ತಂದು ನೋಡು ಎಂದೆ: ವೈ − 2 = ಎಕ್ಸ್². ಅಲ್ಲಿಯೂ ಮೈನಸ್ಸೇ! ಪಠ್ಯದಲ್ಲಿ ವೈಯನ್ನು ಒಂಟಿಯಾಗಿ ನಿಲ್ಲಿಸುವ ರೂಢಿಯಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಮೇಲೇ ದೂರು ಬಂದೀತು. ಇದೆಲ್ಲ ಬರೀ ಸರಿಸುವಿಕೆಗೆ ಸಂಬಂಧಿಸಿದ್ದು. ಎಫ್(2ಎಕ್ಸ್ − 6) ಬಂದಾಗ ಕಣ್ಣುಮುಚ್ಚಿ 6 ಸರಿಸಿ ಕೈತೊಳೆದುಕೊಳ್ಳಬೇಡಿ. ಮೊದಲು 6 ಸರಿಸಿ ಆಮೇಲೆ ಅಡ್ಡಗಲವನ್ನು ಅರ್ಧಕ್ಕೆ ಕುಗ್ಗಿಸಬಹುದು, ಇಲ್ಲವೇ ಮೊದಲು ಕುಗ್ಗಿಸಿ ಆಮೇಲೆ 3 ಸರಿಸಬಹುದು. ಎರಡನ್ನೂ ಕಲಸಿದರೆ ಅಂಕ ಹೋಗುತ್ತದೆ.

ಮುಂದಿನ ಸೋಮವಾರ ಆ ಹುಡುಗಿ ಮತ್ತೆ ತಡ. ಬಾಗಿಲಲ್ಲೇ ನಿಂತು, ನಾನು ಕೇಳುವ ಮೊದಲೇ ಹೇಳಿದಳು: “ಇವತ್ತು ಟಿ − 15 ಸರ್.”