ಮಜಾ ಇಲ್ಲ, ಆದ್ರೂ ಬೇಕು

"ಕುಡಿದ್ರೆ ಈಗ ಮಜಾನೂ ಬರಲ್ಲ ಡಾಕ್ಟ್ರೇ. ಆದ್ರೂ ಬೇಕು."

ಕುಡಿತ ಬಿಡಿಸಿ ಅಂತ ಬರುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಮುಖ ತಿರುಗಿಸುತ್ತಾರೆ. ಮಜಾ ಇಲ್ಲದಿದ್ದರೆ ಯಾರಾದ್ರೂ ಕುಡೀತಾರಾ, ಸುಮ್ನೆ ಬುರುಡೆ ಅಂತ ಅವರ ಲೆಕ್ಕ.

ಬುರುಡೆ ಅಲ್ಲ. ಹೀಗೂ ಆಗುತ್ತದೆ ಅಂತ ಸ್ಕ್ಯಾನ್ ಮಾಡಿ ತೋರಿಸಿದವರಲ್ಲಿ ನೋರಾ ವೋಲ್ಕೋವ್ ಮುಖ್ಯರು.

ವೋಲ್ಕೋವ್ ಹುಟ್ಟಿದ್ದು 1956ರಲ್ಲಿ, ಮೆಕ್ಸಿಕೊದಲ್ಲಿ. ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿಯ ಮರಿಮಗಳು. ಟ್ರಾಟ್ಸ್ಕಿ ಮೇಲೆ ದಾಳಿ ನಡೆದ ಮನೆಯಲ್ಲೇ ಬೆಳೆದವರು. ಡಾಕ್ಟರಿಕೆ ಓದಿ, ಮನೋವೈದ್ಯೆಯಾಗಲು ಅಮೆರಿಕಕ್ಕೆ ಹೋದರು. ಕೊಕೇನ್ ಅಷ್ಟೇನೂ ಅಪಾಯವಲ್ಲ ಅಂತ ಅಲ್ಲಿ ಎಷ್ಟೋ ಜನ ನಂಬಿದ್ದ ಕಾಲ ಅದು. ಕೊಕೇನ್ ಸೇವಿಸುವವರ ಮಿದುಳಿನಲ್ಲಿ ಅಲ್ಲಲ್ಲಿ ರಕ್ತದ ಹರಿವು ಕಮ್ಮಿಯಾಗಿರುವುದು ಇವರು ಮಾಡಿದ ಪೆಟ್ ಸ್ಕ್ಯಾನ್‌ನಲ್ಲಿ (ವಿಕಿರಣ ಸೂಸುವ ವಸ್ತು ಮೈಗೆ ಬಿಟ್ಟು ತೆಗೆಯುವ ಚಿತ್ರ) ಕಂಡಿತು, ಸಣ್ಣಸಣ್ಣ ಸ್ಟ್ರೋಕ್ ಆದವರ ಹಾಗೆ. ಇದನ್ನು ಒಪ್ಪಿಸೋದು ಸುಲಭವಾಗಲಿಲ್ಲ. ಪ್ರಬಂಧ ಅಚ್ಚಾಗಿದ್ದು 1988ರಲ್ಲಿ.

ಆಮೇಲೆ ನ್ಯೂಯಾರ್ಕ್ ಹತ್ತಿರದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಡೋಪಮೈನ್ ಬೆನ್ನು ಹತ್ತಿದರು. ಆಸೆ, ಖುಷಿಗಳ ಹಿಂದಿರುವ ಮಿದುಳಿನ ರಾಸಾಯನಿಕ ಅದು. ರಾಕ್ಲೋಪ್ರೈಡ್ ಅನ್ನುವ ರಾಸಾಯನಿಕಕ್ಕೆ ವಿಕಿರಣ ಸೂಸುವ ಕಾರ್ಬನ್-11 ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. ಆ ಕಾರ್ಬನ್ 20 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಹಾಗಾಗಿ ಅಲ್ಲೇ ತಯಾರಿಸಿ ಅಲ್ಲೇ ಚುಚ್ಚಬೇಕು. ಮಿದುಳಿನಲ್ಲಿ ಡೋಪಮೈನ್ ಕೂರುವ ಸೀಟಿಗೇ ಈ ರಾಕ್ಲೋಪ್ರೈಡೂ ಬಂದು ಕೂರುತ್ತದೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಡೋಪಮೈನ್ ಸೀಟು ಹಿಡಿದಷ್ಟೂ ಇದಕ್ಕೆ ಜಾಗ ಕಮ್ಮಿ. ಸ್ಕ್ಯಾನ್‌ನಲ್ಲಿ ಹೊಳಪೂ ಕಮ್ಮಿ.

ಕೊಕೇನ್ ಬಿಟ್ಟು ಚಿಕಿತ್ಸೆಯಲ್ಲಿದ್ದವರಿಗೂ ಆ ಚಟವೇ ಇಲ್ಲದವರಿಗೂ ಡೋಪಮೈನ್ ಏರಿಸುವ ಔಷಧಿ ಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಇದು: ಚಟವಿದ್ದವರಲ್ಲಿ ಡೋಪಮೈನ್ ಏರಿದ್ದೂ ಕಮ್ಮಿ, ಕಿಕ್ ಕೂಡ ಕಮ್ಮಿ. ಆದರೂ ಕೊಕೇನ್ ಬೇಕು ಅನ್ನುವ ಚಡಪಡಿಕೆ ಎದ್ದಿತ್ತು. ನನ್ನ ಪೇಷೆಂಟ್ ಹೇಳಿದ್ದೂ ಇದನ್ನೇ ಅಲ್ವಾ?

2006ರ ಇನ್ನೊಂದು ಕೆಲಸ ನನಗೆ ದಿನಾ ನೆನಪಾಗುತ್ತದೆ. ಈ ಸಲ ಔಷಧಿಯೇ ಇಲ್ಲ. ಕೊಕೇನ್ ಚಟವಿದ್ದವರಿಗೆ ಕೊಕೇನ್ ಸೇದುವವರ ವಿಡಿಯೊ ತೋರಿಸಿದರು, ಅಷ್ಟೇ. ಅಭ್ಯಾಸಗಳು ಬೇರೂರುವ ಜಾಗದಲ್ಲಿ ಡೋಪಮೈನ್ ಏರಿತು. ಜಾಸ್ತಿ ಏರಿದವರಿಗೆ ಆಸೆಯೂ ಜಾಸ್ತಿ. ಮೂರು ತಿಂಗಳು ಕುಡಿತ ಮುಟ್ಟದೇ ಇದ್ದ ನನ್ನ ಪೇಷೆಂಟ್ ಒಬ್ಬರು ಬಸ್ ಸ್ಟ್ಯಾಂಡ್‌ನಲ್ಲಿ ಯಾರೋ ಟೆಟ್ರಾ ಪ್ಯಾಕೆಟ್‌ನ ಮೂಲೆ ಹರಿದ ಸದ್ದು ಕೇಳಿದರಂತೆ. "ಚರಕ್ ಅಂತು ಸಾರ್. ಬಾಯಲ್ಲಿ ನೀರು. ಕೈ ತಾನಾಗೇ ಜೇಬಿಗೆ ಹೋಯ್ತು." ಅದಕ್ಕೇ ನಾನು "ಮನಸ್ಸು ಗಟ್ಟಿ ಮಾಡ್ಕೊಳಿ" ಅನ್ನೋದನ್ನು ಬಿಟ್ಟು, "ಮನೆಗೆ ಹೋಗೋ ದಾರಿ ಬದಲಾಯಿಸಿ" ಅನ್ನುತ್ತೇನೆ.

ಒಂದು ತಕರಾರೂ ಇದೆ. ಚಟವಿದ್ದವರಲ್ಲಿ ಡೋಪಮೈನ್ ಸೀಟುಗಳೇ ಕಮ್ಮಿ ಅಂತ ಬಣ್ಣಬಣ್ಣದ ಸ್ಕ್ಯಾನ್ ತೋರಿಸುತ್ತಾರೆ. ಚಟದಿಂದ ಕಮ್ಮಿಯಾಯಿತೋ, ಕಮ್ಮಿ ಇದ್ದದ್ದಕ್ಕೇ ಚಟ ಹತ್ತಿತೋ? ಒಂದು ಸ್ಕ್ಯಾನ್ ಅದನ್ನು ಹೇಳಲಾರದು. ಇನ್ನು "ಮಿದುಳಿನ ಕಾಯಿಲೆ ಅಂತ ನೀವೇ ಅಂದ್ರಲ್ಲ" ಅಂತ ನನ್ನ ಮಾತನ್ನೇ ಹಿಡಿದು ಕುಡಿದು ಬರುವ ಜಾಣರೂ ಇದ್ದಾರೆ.

2003ರಲ್ಲಿ ವೋಲ್ಕೋವ್ ಅಮೆರಿಕದ ಮಾದಕವಸ್ತು ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥೆಯಾದರು. ಚಟ ಒಂದು ಕಾಯಿಲೆ, ನಾಚಿಕೆಪಡುವ ವಿಷಯವಲ್ಲ ಅಂತ ಊರೆಲ್ಲ ಹೇಳಿದವರು. ಅವರ ತಾಯಿಯ ತಂದೆ ಹೃದಯದ ತೊಂದರೆಯಿಂದ ತೀರಿಕೊಂಡರು ಅಂತ ಚಿಕ್ಕಂದಿನಲ್ಲಿ ಹೇಳಿದ್ದರಂತೆ. ನಿಜ ಗೊತ್ತಾಗಿದ್ದು ತಾಯಿ ಸಾಯುವ ಹೊತ್ತಿಗೆ: ಅಜ್ಜ ಕುಡಿತದಿಂದ ಹೊರಬರಲಾಗದೆ ತಾವೇ ಜೀವ ಕಳೆದುಕೊಂಡಿದ್ದರು. ಇಂಥ ಮಗಳಿಂದಲೂ ಆ ತಾಯಿ ಅಷ್ಟು ವರ್ಷ ಮುಚ್ಚಿಟ್ಟಿದ್ದರು.

ನಮ್ಮಲ್ಲಿ ಹೃದಯದ ಬದಲು ಹೊಟ್ಟೆಯ ಹೆಸರು ಹೇಳುತ್ತಾರೆ. "ಏನು ತೊಂದರೆ?" ಅಂತ ಕೇಳಿದರೆ ಹೆಂಡತಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಗ್ಯಾಸ್ಟ್ರಿಕ್ ಸಾರ್" ಅನ್ನುತ್ತಾರೆ. ನಾನು ಚೀಟಿಯಲ್ಲಿ ಅದನ್ನೇ ಬರೆದುಕೊಂಡು, ಬಾಗಿಲು ಹಾಕಿ ಬರುವಂತೆ ಸಿಸ್ಟರ್‌ಗೆ ಹೇಳುತ್ತೇನೆ.